ಹಾಳೆಯೂ ಒಂದು ಬಣ್ಣ: ಬೂದು, ಕಂದು ಕಾಗದದ ಮೇಲೆ ಬಣ್ಣದ ಪೆನ್ಸಿಲ್ ಕೆಲಸ

ಬಣ್ಣದ ಪೆನ್ಸಿಲ್‌ಗಳ ಹಳೆಯ ಡಬ್ಬಿಯೊಂದನ್ನು ತೆರೆದು ನೋಡಿ. ಕೆಂಪು ಬೆರಳುದ್ದಕ್ಕೆ ಇಳಿದಿರುತ್ತದೆ, ಕಪ್ಪು ಹಿಡಿಯಲಾಗದಷ್ಟು ಮೋಟಾಗಿರುತ್ತದೆ. ಬಿಳಿ ಮಾತ್ರ ಕೊಂಡ ದಿನ ಇದ್ದಷ್ಟೇ ಉದ್ದವಾಗಿ ಉಳಿದಿರುತ್ತದೆ. ಬಿಳಿ ಹಾಳೆಯ ಮೇಲೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ನಾನು ಮೊದಲ ಸಲ ಬೂದು ಹಾಳೆಯ ಮೇಲೆ ಒಂದು ಮೊಟ್ಟೆಯ ಚಿತ್ರ ಬಿಡಿಸಿದ ದಿನ, ಆ ಬಿಳಿ ಪೆನ್ಸಿಲ್ ತಾಗಿದ ಕಡೆಯಲ್ಲೆಲ್ಲ ಬೆಳಕು ಬಿದ್ದಂತೆ ಕಂಡಿತು. ಹತ್ತು ಗೆರೆ ಎಳೆಯುವಷ್ಟರಲ್ಲಿ ಮೊಟ್ಟೆ ಹಾಳೆಯಿಂದ ಉಬ್ಬಿ ಬಂದಿತ್ತು. ಈಗ ನನ್ನ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವುದು ಬಿಳಿಯೇ.

ಬೂದು, ತಿಳಿಗಂದು, ಮಾಸಲು ನೀಲಿಯಂತಹ ನಡುಛಾಯೆಯ ಹಾಳೆಗಳ ಮೇಲೆ ಕೆಲಸ ಆರಂಭಿಸುವವರು ಬಿಳಿ ಹಾಳೆಯ ಅಭ್ಯಾಸದಲ್ಲೇ ಅಂಚಿನಿಂದ ಅಂಚಿಗೆ ಬಣ್ಣ ತುಂಬುತ್ತಾರೆ. ಹಾಗೆ ತುಂಬಿ ಮುಚ್ಚುವುದಾದರೆ ಹಾಳೆ ಯಾವ ಬಣ್ಣದ್ದಾದರೇನು? ಹಾಳೆಯ ಬಣ್ಣ ಚಿತ್ರದ ಒಳಗೆ ಕೆಲಸ ಮಾಡಬೇಕು. ಅದಕ್ಕಾಗಿ ಕೆಲವು ಜಾಗಗಳನ್ನು ಪೆನ್ಸಿಲ್ ಮುಟ್ಟಿಸದೆ ಬಿಡಬೇಕು. ಎಲ್ಲಿ ಬಿಡಬೇಕು ಎಂದು ಗುರುತಿಸುವುದೇ ಇಲ್ಲಿ ಅರ್ಧ ವಿದ್ಯೆ. ಮುಂದಿನ ಹೆಜ್ಜೆಗಳೆಲ್ಲ ಆ ಒಂದು ವಿಷಯದ ಸುತ್ತ ಇವೆ.

ನಡುಛಾಯೆಯಿಂದ ಸಿಗುವುದೇನು

ಬಿಳಿ ಹಾಳೆಯ ಮೇಲೆ ನಾವು ಎಳೆಯುವ ಪ್ರತಿ ಗೆರೆಯೂ ಕತ್ತಲೆಯ ಕಡೆಗೇ ಹೋಗುತ್ತದೆ. ಬೆಳಕು ಬೇಕಾದ ಜಾಗವನ್ನು ಮೊದಲೇ ಕಾದಿರಿಸಬೇಕು, ಉಳಿದದ್ದನ್ನೆಲ್ಲ ಪದರ ಪದರವಾಗಿ ಕೆಳಗಿಳಿಸಬೇಕು. ನಡುಛಾಯೆಯ ಹಾಳೆಯಲ್ಲಿ ಎರಡೂ ದಿಕ್ಕಿಗೆ ದಾರಿಯಿದೆ. ಗಾಢ ಪೆನ್ಸಿಲ್‌ನಿಂದ ನೆರಳಿಗೆ ಇಳಿಯಬಹುದು, ಬಿಳಿಯಿಂದ ಬೆಳಕಿಗೆ ಏರಬಹುದು. ನಡುವಿನ ಛಾಯೆ ನಾವು ಕೂರುವ ಮುನ್ನವೇ ಸಿದ್ಧವಾಗಿರುತ್ತದೆ.

ಈ ಉಪಾಯ ಹಳೆಯದು. ವೆನಿಸ್‌ನ ಕಲಾವಿದರು ನೀಲಿ ಕಾಗದದ ಮೇಲೆ ಚಿತ್ರ ಬಿಡಿಸುತ್ತಿದ್ದರು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಅಲ್ಲಿದ್ದಾಗ ತಾನೂ ಅದನ್ನು ಬಳಸಿದ. 1508ರ ಸುಮಾರಿಗೆ ಅವನು ಬಿಡಿಸಿದ, ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಚಿತ್ರವನ್ನು ನೀವು ಎಲ್ಲಿಯಾದರೂ ನೋಡಿರಬಹುದು. ಮೂಲ ಚಿತ್ರ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಅದನ್ನು ದೊಡ್ಡದು ಮಾಡಿ ನೋಡಿದರೆ ಬೆರಳುಗಳ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಬಿಳಿ ಗೆರೆಗಳು, ಪಕ್ಕದಲ್ಲಿ ಗಾಢ ಗೆರೆಗಳು, ಎರಡರ ನಡುವೆ ಏನನ್ನೂ ಹಚ್ಚದ ನೀಲಿ ನೆಲ ಕಾಣುತ್ತದೆ. ಚರ್ಮದ ಬಹುಭಾಗ ಆ ಖಾಲಿ ನೀಲಿಯೇ. ಹಾಗಿದ್ದೂ ಅದು ನಮಗೆ ಕೈಯಾಗಿ ಕಾಣುತ್ತದೆ, ನೀಲಿ ಎಂದು ಅನಿಸುವುದೇ ಇಲ್ಲ. ಈ ವಿಧಾನ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹಾಳೆಯ ಆಯ್ಕೆ

ಮೊದಲು ನೋಡಬೇಕಾದದ್ದು ಹಾಳೆ ಎಷ್ಟು ಗಾಢವಾಗಿದೆ ಎಂಬುದನ್ನು. ನಡುಛಾಯೆ ಎಂದರೆ ಕಣ್ಣಿಗೆ ಕಪ್ಪು ಬಿಳುಪುಗಳ ನಡುವೆ ನಿಲ್ಲುವ ಛಾಯೆ. ಛಾಯಾಗ್ರಾಹಕರ ಬೂದು ಕಾರ್ಡ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18%ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ, ಆದರೂ ಕಣ್ಣು ಅದನ್ನು ನಟ್ಟನಡುವಿನ ಬೂದು ಎಂದೇ ಓದುತ್ತದೆ. ಅಂದರೆ ನಿಜವಾದ ನಡುಛಾಯೆ ನಾವು ಊಹಿಸುವುದಕ್ಕಿಂತ ಗಾಢವಾಗಿರುತ್ತದೆ. ಸ್ಕೆಚ್ ಪುಸ್ತಕಗಳಲ್ಲಿ ಬರುವ ಬೂದು, ಕಂದು ಹಾಳೆಗಳಲ್ಲಿ ಹಲವು ಇದಕ್ಕಿಂತ ತಿಳಿ. ಅಂತಹ ಹಾಳೆಯಲ್ಲಿ ಬಿಳಿಗೆ ಏರಲು ಜಾಗ ಕಡಿಮೆ, ನೆರಳಿಗೆ ಇಳಿಯಲು ಜಾಗ ಹೆಚ್ಚು. ಕೊಳ್ಳುವ ಮುನ್ನ ಒಂದು ಸಾಮಾನ್ಯ ಬಿಳಿ ಕಾಗದದ ಚೂರನ್ನು ಹಾಳೆಯ ಮೇಲಿಟ್ಟು, ಕಣ್ಣನ್ನು ಅರೆಮುಚ್ಚಿ ನೋಡಿ. ಚೂರು ಸ್ಪಷ್ಟವಾಗಿ ಬೆಳಗಿದರೆ ಹಾಳೆ ಕೆಲಸಕ್ಕೆ ಬರುತ್ತದೆ. ವ್ಯತ್ಯಾಸ ಮಂಕಾಗಿದ್ದರೆ ನಿಮ್ಮ ಬಿಳಿ ಪೆನ್ಸಿಲ್ ಕೂಡ ಅಷ್ಟೇ ಮಂಕಾಗಿ ಕಾಣುತ್ತದೆ.

ನಂತರ ಬಣ್ಣದ ಪ್ರಶ್ನೆ. ಮನುಷ್ಯರ ಮುಖ, ಮರ, ಪ್ರಾಣಿಗಳ ತುಪ್ಪಳಕ್ಕೆ ಬೆಚ್ಚನೆಯ ಕಂದು ಹಾಳೆ ಒಗ್ಗುತ್ತದೆ, ಏಕೆಂದರೆ ವಸ್ತುವಿನ ನಡುಬಣ್ಣ ಅದರಲ್ಲಿ ಆಗಲೇ ಇದೆ. ಲೋಹ, ಗಾಜು, ಮೋಡ, ಬಿಳಿ ಬಟ್ಟೆಗೆ ಬೂದು ಒಳ್ಳೆಯದು. ಇನ್ನೊಂದು ದಾರಿ ವಿರುದ್ಧ ಬಣ್ಣದ ಹಾಳೆ ಆರಿಸುವುದು. ಮಾಸಲು ನೀಲಿಯ ಮೇಲೆ ಕಿತ್ತಳೆ ಹಣ್ಣು ಬಿಡಿಸಿದರೆ ಹಣ್ಣು ಒಳಗಿನಿಂದ ಉರಿಯುವಂತೆ ಕಾಣುತ್ತದೆ. ಪಕ್ಕದ ಬಣ್ಣ ನಮ್ಮ ಕಣ್ಣನ್ನು ಹೀಗೆ ಬದಲಿಸುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೋಲ್ 1839ರಲ್ಲಿ ವಿಸ್ತಾರವಾಗಿ ಬರೆದು ತೋರಿಸಿದ. ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಅವನ ಬಳಿಗೆ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ, ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳಿಂದಾಗಿ ಅದು ಹಾಗೆ ಕಾಣುತ್ತಿತ್ತು. ನಡುಛಾಯೆಯ ಹಾಳೆಯಲ್ಲಿ ಆ ಪಕ್ಕದ ಬಣ್ಣ ಎಂದರೆ ಹಾಳೆಯೇ, ಮತ್ತು ಅದು ಪ್ರತಿ ಗೆರೆಯ ಪಕ್ಕದಲ್ಲೂ ಇರುತ್ತದೆ. ಬೂದು ಪೆನ್ಸಿಲ್ ಕಂದು ಹಾಳೆಯ ಮೇಲೆ ನೀಲಿಯಂತೆ ಕಾಣುವುದು ಇದರಿಂದಲೇ. ಈ ಮಾಯೆಯನ್ನು ನಾನು ಬೇಕೆಂದೇ ಬಳಸುತ್ತೇನೆ: ಕಂದು ಹಾಳೆಯ ಮೇಲೆ ಕಣ್ಣಿನ ಬಿಳಿಭಾಗಕ್ಕೆ ನೀಲಿ ಛಾಯೆ ಬೇಕಾದಾಗ ತಣ್ಣನೆಯ ಬೂದು ಸಾಕು, ನೀಲಿ ಪೆನ್ಸಿಲ್ ಎತ್ತುವ ಅಗತ್ಯವೇ ಬೀಳುವುದಿಲ್ಲ.

ದಪ್ಪದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 120 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಆಸುಪಾಸಿನ ಸ್ಕೆಚ್ ಹಾಳೆ ಅಭ್ಯಾಸಕ್ಕೆ ಸಾಕು, ನಾಲ್ಕೈದು ತೆಳು ಪದರಗಳನ್ನು ತಾಳುತ್ತದೆ. ಹೆಚ್ಚು ಪದರ ಹಾಕುವುದಿದ್ದರೆ 160ರಿಂದ 250 ಜಿಎಸ್‌ಎಂ ತನಕದ್ದು ಇರಲಿ. ಪೇಸ್ಟಲ್‌ಗೆಂದು ಮಾರುವ ಬಣ್ಣದ ಹಾಳೆಗಳಲ್ಲಿ ಕೆಲವಕ್ಕೆ ಎರಡು ಬದಿ ಎರಡು ಬಗೆಯಾಗಿರುತ್ತದೆ. ಕ್ಯಾನ್ಸನ್ ಮಿ-ತೆಂತ್ ಹಾಳೆಯ ಒಂದು ಬದಿಯಲ್ಲಿ ಜೇನುಗೂಡಿನಂತಹ ಗುಳಿಗಳಿವೆ, ಇನ್ನೊಂದು ಬದಿ ಅದಕ್ಕಿಂತ ನಯ. ಪೆನ್ಸಿಲ್‌ಗೆ ನಯವಾದ ಬದಿಯನ್ನೇ ಆರಿಸಿ, ಇಲ್ಲವಾದರೆ ಸೇಬಿನ ಸಿಪ್ಪೆಯಲ್ಲೂ ಜೇನುಗೂಡು ಮೂಡುತ್ತದೆ. ಹಾಗೆಂದು ಗಾಜಿನಷ್ಟು ನಯವೂ ಬೇಡ. ಬೆರಳಿಗೆ ಸಣ್ಣ ತರಿ ತಾಗಬೇಕು, ಆ ತರಿಗಳ ನಡುವೆಯೇ ಬಣ್ಣ ನಿಲ್ಲುವುದು.

ಪೊಟ್ಟಣ ಕಟ್ಟುವ ಕ್ರಾಫ್ಟ್ ಕಾಗದದ ಮೇಲೆ ಅಭ್ಯಾಸ ಮಾಡಬಹುದು, ಅದರ ಬಣ್ಣವೂ ಚೆಂದ. ಆದರೆ ಅದರಲ್ಲಿ ಆಮ್ಲ ಮತ್ತು ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಕೆಲವು ವರ್ಷಗಳಲ್ಲಿ ಬಣ್ಣಗೆಟ್ಟು ಮುರುಕಾಗುತ್ತದೆ. ಉಳಿಸಿಕೊಳ್ಳಬೇಕೆಂದಿರುವ ಚಿತ್ರಕ್ಕೆ ಆಮ್ಲರಹಿತ ಎಂದು ನಮೂದಿಸಿದ ಹಾಳೆಯೇ ಬೇಕು.

ಪೆನ್ಸಿಲ್‌ಗಳು

ನಿಮ್ಮಲ್ಲಿ ಇರುವ ಪೆನ್ಸಿಲ್‌ಗಳೇ ಸಾಕು, ಬಿಳಿಯೊಂದನ್ನು ಬಿಟ್ಟು. ಸಾಧಾರಣ ಡಬ್ಬಿಗಳಲ್ಲಿ ಬರುವ ಬಿಳಿ ಬಹಳ ಸಲ ಗಟ್ಟಿ ಮತ್ತು ತೆಳು. ಬಣ್ಣದ ಹಾಳೆಯ ಮೇಲೆ ಅದು ಉಗುರಿನ ಗೀರಿನಂತೆ ಕಾಣುತ್ತದೆ. ಮೇಣದ ಅಂಶ ಹೆಚ್ಚಿರುವ ಮೆತ್ತನೆಯ ಬಿಳಿ ದಟ್ಟವಾಗಿ ಮುಚ್ಚುತ್ತದೆ. ಪ್ರಿಸ್ಮಾಕಲರ್‌ನ ಬಿಳಿ, ಕರಾನ್ ದಾಶ್ ಲ್ಯೂಮಿನನ್ಸ್‌ನ ಬಿಳಿ, ಡರ್ವೆಂಟ್ ಡ್ರಾಯಿಂಗ್ ಸರಣಿಯ ಚೈನೀಸ್ ವೈಟ್ ಈ ಗುಣಕ್ಕೆ ಹೆಸರಾದವು. ಇವುಗಳಲ್ಲಿ ಯಾವುದಾದರೂ ಒಂದನ್ನು ಬಿಡಿಯಾಗಿ ಕೊಳ್ಳಿ. ಇಡೀ ಹೊಸ ಡಬ್ಬಿ ಕೊಳ್ಳುವುದಕ್ಕಿಂತ ಈ ಒಂದು ಪೆನ್ಸಿಲ್ ನಿಮ್ಮ ಚಿತ್ರವನ್ನು ಹೆಚ್ಚು ಬದಲಿಸುತ್ತದೆ.

1908ರಿಂದ ಬರುತ್ತಿರುವ ಫೇಬರ್-ಕಾಸ್ಟೆಲ್ ಪಾಲಿಕ್ರೋಮಸ್‌ನಂತಹ ಎಣ್ಣೆ ಆಧಾರಿತ ಪೆನ್ಸಿಲ್‌ಗಳು ಸ್ವಲ್ಪ ಗಟ್ಟಿ. ಅವುಗಳ ಮೊನೆ ಚೂಪಾಗಿ ನಿಲ್ಲುತ್ತದೆ, ಆದ್ದರಿಂದ ಗಾಢ ಭಾಗದ ಸೂಕ್ಷ್ಮ ಗೆರೆಗಳಿಗೆ ಅವೇ ಒಳ್ಳೆಯವು. ಎರಡು ಬಗೆಯನ್ನೂ ಒಂದೇ ಚಿತ್ರದಲ್ಲಿ ಧಾರಾಳವಾಗಿ ಬೆರೆಸಬಹುದು.

ಇವುಗಳ ಜೊತೆಗೆ ಒಂದು ಕೆನೆಬಣ್ಣ, ಒಂದು ತಿಳಿ ಹಳದಿ, ಒಂದು ಗಾಢ ನೀಲಿ ಅಥವಾ ಇಂಡಿಗೊ, ಒಂದು ಗಾಢ ಕಂದು ಇರಲಿ. ಕಪ್ಪನ್ನು ಡಬ್ಬಿಯಲ್ಲೇ ಬಿಡಿ. ಇಂಡಿಗೊ ಮತ್ತು ಗಾಢ ಕಂದನ್ನು ಒಂದರ ಮೇಲೊಂದು ಹಾಕಿದಾಗ ಬರುವ ಕತ್ತಲೆಯಲ್ಲಿ ಜೀವ ಇರುತ್ತದೆ. ಬರಿಯ ಕಪ್ಪು ಹಾಳೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಮೊದಲ ಹೆಜ್ಜೆ: ಬಣ್ಣಗಳ ಪರೀಕ್ಷೆ

ಚಿತ್ರ ಬಿಡಿಸಲಿರುವ ಹಾಳೆಯದೇ ಒಂದು ತುಂಡು ತೆಗೆದುಕೊಳ್ಳಿ. ಪ್ರತಿ ಪೆನ್ಸಿಲ್‌ಗೂ ಎರಡು ಚಿಕ್ಕ ಚೌಕ ಗುರುತಿಸಿ. ಮೊದಲ ಚೌಕದಲ್ಲಿ ಬಣ್ಣವನ್ನು ನೇರವಾಗಿ ಹಾಳೆಗೆ ಹಚ್ಚಿ. ಎರಡನೆಯದರಲ್ಲಿ ಮೊದಲು ಬಿಳಿಯ ತೆಳು ಪದರ ಹಾಕಿ, ಅದರ ಮೇಲೆ ಬಣ್ಣ ಹಚ್ಚಿ. ಕೆಳಗೆ ಬಣ್ಣದ ಹೆಸರು ಬರೆಯಿರಿ.

ಪೆನ್ಸಿಲ್‌ನ ಹೊರಮೈ ಬಣ್ಣವನ್ನು ನಂಬಿ ಕುಳಿತವರಿಗೆ ಇಲ್ಲಿ ಅಚ್ಚರಿ ಕಾದಿದೆ. ಬೂದು ಹಾಳೆಯ ಮೇಲೆ ಹಳದಿ ತುಸು ಹಸಿರಿಗೆ ತಿರುಗುತ್ತದೆ. ಕಂದು ಹಾಳೆಯ ಮೇಲೆ ಆಕಾಶನೀಲಿ ಬೂದಾಗುತ್ತದೆ. ಕೆಂಪು, ಕಂದುಗೆಂಪುಗಳು ಮಾತ್ರ ಕಂದು ಹಾಳೆಯಲ್ಲಿ ಮನೆಗೆ ಬಂದಂತೆ ನೆಲೆಗೊಳ್ಳುತ್ತವೆ. ಕಾರಣ ಸರಳ. ಪೆನ್ಸಿಲ್‌ನ ತೆಳು ಪದರ ಪೂರ್ತಿ ಮುಚ್ಚುವುದಿಲ್ಲ, ಬೆಳಕು ಅದರ ಮೂಲಕ ಹಾದು ಹಾಳೆಯನ್ನು ತಾಗಿ ಹಿಂದಿರುಗುತ್ತದೆ. ಬಿಳಿ ಹಾಳೆ ಬಣ್ಣದ ಹಿಂದೆ ಇಟ್ಟ ದೀಪವಿದ್ದಂತೆ. ಬೂದು ಹಾಳೆಯಲ್ಲಿ ಆ ದೀಪವನ್ನು ತಗ್ಗಿಸಿಟ್ಟಿರುತ್ತದೆ. ಎಲ್ಲಿ ಬಣ್ಣ ಉಜ್ವಲವಾಗಿ ಬೇಕೋ ಅಲ್ಲಿ ಬಿಳಿಯನ್ನು ಕೆಳಗೆ ಹಾಕಿ ನಾವೇ ದೀಪ ಹೊತ್ತಿಸಬೇಕು.

ಈ ಹಾಳೆಯ ತುಂಡನ್ನು ಎಸೆಯಬೇಡಿ. ಚಿತ್ರ ಮುಗಿಯುವ ತನಕ ಪಕ್ಕದಲ್ಲೇ ಇರಲಿ.

ಎರಡನೆಯ ಹೆಜ್ಜೆ: ಎರಡೇ ಪೆನ್ಸಿಲ್‌ನಲ್ಲಿ ಒಂದು ಮೊಟ್ಟೆ

ಬಣ್ಣಕ್ಕೆ ಕೈ ಹಾಕುವ ಮುನ್ನ ಈ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಒಂದು ಮೊಟ್ಟೆಯನ್ನು ಮೇಜಿನ ಮೇಲಿಟ್ಟು ಒಂದೇ ಕಡೆಯಿಂದ ಬೆಳಕು ಬೀಳುವಂತೆ ಮಾಡಿ. ಕಿಟಕಿಯ ಬೆಳಕಾದರೂ ಸರಿ, ಒಂದು ಮೇಜುದೀಪವಾದರೂ ಸರಿ, ಎರಡೂ ಬೇಡ. ಬೂದು ಹಾಳೆ, ಬಿಳಿ ಪೆನ್ಸಿಲ್, ಗಾಢ ಕಂದು ಪೆನ್ಸಿಲ್. ಇಷ್ಟೇ ಸಾಮಗ್ರಿ.

ಕಣ್ಣನ್ನು ಅರೆಮುಚ್ಚಿ ನೋಡಿದಾಗ ಮೊಟ್ಟೆಯ ಮೇಲೆ ಐದು ಭಾಗಗಳು ಕಾಣುತ್ತವೆ: ಬೆಳಕು ನೇರವಾಗಿ ಬಿದ್ದ ಜಾಗ, ಅಲ್ಲಿಂದ ನಿಧಾನವಾಗಿ ಇಳಿಯುವ ನಡುಛಾಯೆ, ಗಾಢ ನೆರಳಿನ ಪಟ್ಟಿ, ಆ ಪಟ್ಟಿಯ ಆಚೆ ಮೇಜಿನಿಂದ ಚಿಮ್ಮಿ ಬಂದ ಮಂದ ಮರುಬೆಳಕು, ಕೊನೆಗೆ ಮೇಜಿನ ಮೇಲೆ ಬಿದ್ದ ನೆರಳು. ಇವುಗಳಲ್ಲಿ ನಡುಛಾಯೆ ನಿಮ್ಮ ಹಾಳೆಯಲ್ಲಿ ಇದ್ದೇ ಇದೆ. ಮರುಬೆಳಕೂ ಬಹುಪಾಲು ಇದೆ.

ಹೊರಗೆರೆಯನ್ನು ಅತಿ ಹಗುರವಾಗಿ ಎಳೆದು, ಗಾಢ ಕಂದಿನಿಂದ ನೆರಳಿನ ಪಟ್ಟಿಯನ್ನು ಆರಂಭಿಸಿ. ಪೆನ್ಸಿಲ್ಲನ್ನು ಮೊನೆಯಿಂದ ದೂರ ಹಿಡಿದು, ಅದರ ತೂಕವೊಂದೇ ಹಾಳೆಯ ಮೇಲೆ ಬೀಳುವಂತೆ ಸಣ್ಣ ಸಣ್ಣ ಸುತ್ತುಗಳಲ್ಲಿ ಹಚ್ಚಿ. ಅಂಚಿನಲ್ಲಿ ಗೆರೆ ನಿಲ್ಲಿಸಬೇಡಿ, ಹಾಳೆಯೊಳಗೆ ಕರಗುವಂತೆ ಬಿಡಿ. ಬಿದ್ದ ನೆರಳನ್ನು ಅದಕ್ಕಿಂತ ತುಸು ಗಾಢ ಮಾಡಿ. ಮೊಟ್ಟೆ ಮೇಜನ್ನು ತಾಗುವ ಆ ತೆಳು ಜಾಗದಲ್ಲಿ ಎಲ್ಲಕ್ಕಿಂತ ಗಾಢ. ಈಗ ಬಿಳಿ ತೆಗೆದುಕೊಂಡು ಬೆಳಕು ಬಿದ್ದ ಜಾಗದ ಮಧ್ಯದಿಂದ ಆರಂಭಿಸಿ, ಹೊರಕ್ಕೆ ಹೋದಂತೆ ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ನೆರಳಿನ ಪಟ್ಟಿಗೆ ಮುಟ್ಟುವ ಮುನ್ನವೇ ನಿಲ್ಲಿಸಿ.

ಬಿಳಿಯೂ ಗಾಢ ಬಣ್ಣವೂ ಒಂದನ್ನೊಂದು ಮುಟ್ಟಬಾರದು, ನಡುವೆ ಹಾಳೆ ಕಾಣುತ್ತಿರಬೇಕು. ಮುಟ್ಟಿದರೆ ಎರಡೂ ಬೆರೆತು ಸುಣ್ಣ ಕಲಸಿದಂತಹ ಬೂದಿಬಣ್ಣ ಹುಟ್ಟುತ್ತದೆ. ಒಮ್ಮೆ ಅದು ಬಂದರೆ ಮೇಲೆ ಏನು ಹಾಕಿದರೂ ಆ ಸುಣ್ಣ ಇಣುಕುತ್ತಲೇ ಇರುತ್ತದೆ. ಇನ್ನೊಂದು ಎಡವುವ ಜಾಗ ಮರುಬೆಳಕು. ಕಣ್ಣಿಗೆ ಅದು ಹೊಳೆಯುವಂತೆ ಕಾಣುವುದರಿಂದ ಕೈ ಬಿಳಿಯ ಕಡೆಗೆ ಹೋಗುತ್ತದೆ. ಅದು ನೆರಳಿನ ಒಳಗಿನ ಬೆಳಕು. ಬೆಳಕಿನ ಕಡೆಯ ಅತಿ ಮಂದ ಭಾಗಕ್ಕಿಂತಲೂ ಅದು ಮಂದವಾಗಿರಬೇಕು. ಅಲ್ಲಿ ಗಾಢ ಕಂದಿನ ಒಂದು ತೆಳು ಪದರ ಹಾಕಿ ಬಿಟ್ಟುಬಿಡಿ.

ಹತ್ತು ಮೊಟ್ಟೆ ಬಿಡಿಸಿ. ಬೆಳಕಿನ ದಿಕ್ಕನ್ನು ಪ್ರತಿ ಸಲ ಬದಲಿಸಿ. ಮೂರನೆಯ ಮೊಟ್ಟೆಯ ಹೊತ್ತಿಗೆ ಎಲ್ಲಿ ಕೈ ತಡೆಯಬೇಕು ಎಂದು ತಿಳಿಯತೊಡಗುತ್ತದೆ.

ಮೂರನೆಯ ಹೆಜ್ಜೆ: ರೇಖಾಚಿತ್ರವನ್ನು ಹಾಳೆಗೆ ಇಳಿಸುವುದು

ಬಣ್ಣದ ಹಾಳೆಯ ಮೇಲೆ ನೇರವಾಗಿ ಬರೆದು ಅಳಿಸುತ್ತಾ ಕೂತರೆ ತರಿ ಹಾಳಾಗುತ್ತದೆ, ಅಳಿಸಿದ ಜಾಗ ಹೊಳೆಯತೊಡಗುತ್ತದೆ. ಬೇರೆ ಕಾಗದದಲ್ಲಿ ಚಿತ್ರವನ್ನು ಸರಿಪಡಿಸಿಕೊಂಡು, ಟ್ರೇಸಿಂಗ್ ಹಾಳೆಗೆ ಎತ್ತಿಕೊಳ್ಳಿ. ಅದರ ಹಿಂಬದಿಗೆ ತಿಳಿಗಂದು ಅಥವಾ ಬಿಳಿ ಪೇಸ್ಟಲ್ ಪೆನ್ಸಿಲ್ ಸವರಿ, ಹಾಳೆಯ ಮೇಲಿಟ್ಟು ಗೆರೆಗಳ ಮೇಲೆ ಹಗುರವಾಗಿ ಎಳೆಯಿರಿ. ಸಾಮಾನ್ಯ ಸೀಸದ ಪೆನ್ಸಿಲ್ ಇಲ್ಲಿ ತೊಂದರೆ ಕೊಡುತ್ತದೆ. ಗ್ರಾಫೈಟ್‌ನ ಪುಡಿ ಬಿಳಿಯ ಕೆಳಗೆ ಸೇರಿ ಎಲ್ಲವನ್ನೂ ಕೊಳಕು ಮಾಡುತ್ತದೆ. ಬೇರೆ ದಾರಿಯಿಲ್ಲದೆ ಬಳಸಿದರೂ, ಹಿಟ್ಟಿನಂತೆ ನಾದಬಹುದಾದ ಮಿದು ರಬ್ಬರನ್ನು ಗೆರೆಗಳ ಮೇಲೆ ಒತ್ತಿ ಒತ್ತಿ ತೆಗೆದು, ಮಸುಕಾದ ಗುರುತಷ್ಟೇ ಉಳಿಸಿಕೊಳ್ಳಿ.

ಕೈಯ ಕೆಳಗೆ ಸದಾ ಒಂದು ನಯವಾದ ಕಾಗದ ಇಟ್ಟುಕೊಳ್ಳಿ. ಬೆರಳಿನ ಜಿಡ್ಡು ಬಣ್ಣದ ಹಾಳೆಯ ಮೇಲೆ ಬೇಗ ಕಲೆಯಾಗಿ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಕೆಂಪು ಸೇಬು

ಈಗ ಬಣ್ಣ. ಕೆಂಪು ಸೇಬೊಂದನ್ನು ಬೂದು ಹಾಳೆಯ ಮೇಲೆ ತರೋಣ. ಸೇಬನ್ನೇ ಆರಿಸಲು ಕಾರಣವಿದೆ: ಅದರಲ್ಲಿ ಕೆಂಪು, ಹಳದಿ, ಹಸಿರು, ಹೊಳಪು, ತೊಟ್ಟಿನ ಗುಳಿಯ ಕತ್ತಲೆ ಎಲ್ಲವೂ ಅಂಗೈಯಗಲದಲ್ಲಿ ಸಿಗುತ್ತವೆ.

ಬೆಳಕಿನ ನೆಲೆಯನ್ನು ಮೊದಲು ಹಾಕಬೇಕು. ಹಳದಿ ಮತ್ತು ಉಜ್ವಲ ಕೆಂಪು ಬರುವ ಜಾಗದಲ್ಲಿ ಬಿಳಿ ಅಥವಾ ಕೆನೆಬಣ್ಣವನ್ನು ತೆಳ್ಳಗೆ ಹಚ್ಚಿ. ನಾನು ಹೆಚ್ಚಾಗಿ ಕೆನೆಯನ್ನೇ ಬಳಸುತ್ತೇನೆ. ಬಿಳಿಯ ಮೇಲೆ ಬಂದ ಕೆಂಪು ಗುಲಾಬಿಗೆ ಜಾರುತ್ತದೆ, ಕೆನೆಯ ಮೇಲಿನ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇಲ್ಲಿ ಒತ್ತಿ ಹಚ್ಚಿದರೆ ಮೇಣ ತರಿಗಳನ್ನೆಲ್ಲ ತುಂಬಿ, ಮುಂದಿನ ಬಣ್ಣ ಜಾರಿಹೋಗುತ್ತದೆ. ಹಾಳೆಯ ಬಣ್ಣ ಇನ್ನೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿರುವಾಗಲೇ ನಿಲ್ಲಿಸಿ. ಅತಿ ಹೊಳೆಯುವ ಬಿಂದುವಿನ ಜಾಗವನ್ನು ಈಗಲೇ ಸಣ್ಣದಾಗಿ ಗುರುತಿಸಿ, ಅಲ್ಲಿಗೆ ಕೆಂಪು ಹೋಗದಂತೆ ನೋಡಿಕೊಳ್ಳಿ.

ನಂತರ ನೆರಳು. ನೆರಳಿನ ಬದಿಯಲ್ಲಿ ಬಿಳಿಯ ನೆಲೆ ಇಲ್ಲ, ಬರಿಯ ಹಾಳೆ. ಅದರ ಮೇಲೆ ಇಂಡಿಗೊ, ಅದರ ಮೇಲೆ ಗಾಢ ಕೆಂಪು. ಕೆಂಪಿನ ನೆರಳಿಗೆ ಒಂದು ಸಣ್ಣ ಪಾಲು ಗಾಢ ಹಸಿರು ಸೇರಿಸಿದರೆ ನೆರಳಿಗೆ ಆಳ ಬರುತ್ತದೆ. ಪರೀಕ್ಷೆಯ ತುಂಡಿನಲ್ಲಿ ಒಮ್ಮೆ ನೋಡಿಕೊಂಡು ಸೇರಿಸಿ.

ಆಮೇಲೆ ಸೇಬಿನ ನಿಜವಾದ ಕೆಂಪು. ಬೆಳಕಿನ ಬದಿಯಿಂದ ನೆರಳಿನ ಬದಿಗೆ ದಾಟುವಾಗ ನಡುವೆ ಒಂದು ಪಟ್ಟಿಯಲ್ಲಿ ಕೆಂಪನ್ನು ಬರಿಯ ಹಾಳೆಯ ಮೇಲೆ ಹಗುರವಾಗಿ ಹಚ್ಚಿ. ಬೂದು ಕೆಳಗಿನಿಂದ ಇಣುಕಿ ಆ ಕೆಂಪು ತಾನಾಗಿ ಮಾಸುತ್ತದೆ. ನಿಜವಾದ ಹಣ್ಣಿನ ಮೇಲೂ ಬೆಳಕು ಇಳಿಯುವ ಜಾಗದಲ್ಲಿ ಬಣ್ಣ ಹೀಗೇ ಮಾಸುತ್ತದೆ. ಬಿಳಿ ಹಾಳೆಯಲ್ಲಿ ಈ ಒಂದು ಪಟ್ಟಿಗಾಗಿ ಮೂರ್ನಾಲ್ಕು ಪೆನ್ಸಿಲ್ ಬೆರೆಸಬೇಕಾಗುತ್ತದೆ. ಇಲ್ಲಿ ಹಾಳೆಯೇ ಅದನ್ನು ಮಾಡಿಕೊಡುತ್ತದೆ, ಮತ್ತು ನಾನು ಮತ್ತೆ ಮತ್ತೆ ಬಣ್ಣದ ಹಾಳೆಗೆ ಮರಳುವುದು ಇದೊಂದು ಸಂತೋಷಕ್ಕಾಗಿ.

ಗೆರೆಗಳ ದಿಕ್ಕು ಹಣ್ಣಿನ ಮೈಯನ್ನು ಅನುಸರಿಸಲಿ, ತೊಟ್ಟಿನಿಂದ ಹೊರಟು ಹೊಟ್ಟೆಯ ಮೇಲೆ ಬಾಗಿ ಕೆಳಗಿಳಿಯಲಿ. ಮೊನೆ ಸದಾ ಚೂಪಾಗಿರಬೇಕು. ಮೊಂಡು ಮೊನೆ ತರಿಯ ನೆತ್ತಿಯನ್ನಷ್ಟೇ ಮುಟ್ಟುತ್ತದೆ, ಚೂಪು ಮೊನೆ ಗುಳಿಯ ಒಳಗೂ ಬಣ್ಣ ಇಳಿಸುತ್ತದೆ. ಐದಾರು ತೆಳು ಪದರಗಳ ನಂತರ ಇಡೀ ಚಿತ್ರವನ್ನು ಕೈದೂರದಲ್ಲಿ ಹಿಡಿದು ನೋಡಿ.

ಕೊನೆಯ ಬಿಳಿಯನ್ನು ಈಗ, ಗಟ್ಟಿಯಾಗಿ ಒತ್ತಿ, ಮೊದಲೇ ಕಾದಿರಿಸಿದ ಬಿಂದುವಿನಲ್ಲಿ ಹಾಕಿ. ಒಂದೇ ಜಾಗ ಸಾಕು. ಹೆಚ್ಚೆಂದರೆ ತೊಟ್ಟಿನ ಅಂಚಿನಲ್ಲಿ ಇನ್ನೊಂದು ಚುಕ್ಕೆ. ನಾಲ್ಕು ಕಡೆ ಬಿಳಿ ಮಿನುಗಿದರೆ ಯಾವುದೂ ಮಿನುಗಿದಂತೆ ಕಾಣುವುದಿಲ್ಲ, ಸೇಬು ಒದ್ದೆಯಾದ ಪ್ಲಾಸ್ಟಿಕ್ಕಿನಂತಾಗುತ್ತದೆ. ಪೆನ್ಸಿಲ್‌ನ ಬಿಳಿ ಸಾಲದು ಅನಿಸಿದರೆ ಬಿಳಿ ಜೆಲ್ ಪೆನ್ನಿನಿಂದಲೋ ಗ್ವಾಶ್ ಎಂಬ ದಟ್ಟ ಜಲವರ್ಣದಿಂದಲೋ ಒಂದು ಚುಕ್ಕೆ ಇಡಬಹುದು. ದಪ್ಪ ಮೇಣದ ಮೇಲೆ ಜೆಲ್ ಪೆನ್ನು ಹಿಡಿಯದೆ ಜಾರುತ್ತದೆ, ಆದ್ದರಿಂದ ಆ ಬಿಂದುವಿನಲ್ಲಿ ಮೇಣ ಕಡಿಮೆ ಇರಲಿ.

ಅಂಚುಗಳು ಮತ್ತು ಹಿನ್ನೆಲೆ

ಸೇಬಿನ ಸುತ್ತ ಏನನ್ನೂ ತುಂಬಬೇಕಿಲ್ಲ. ಬಿದ್ದ ನೆರಳೊಂದಿದ್ದರೆ ಹಣ್ಣು ನೆಲಕ್ಕೆ ಕೂರುತ್ತದೆ, ಉಳಿದ ಹಾಳೆ ತಾನೇ ಹಿನ್ನೆಲೆಯಾಗುತ್ತದೆ. ಸುತ್ತಲೂ ಕಪ್ಪು ಹೊರಗೆರೆ ಎಳೆಯುವ ಆಸೆಯನ್ನು ತಡೆಯಿರಿ. ಸೇಬಿನ ಯಾವುದೋ ಒಂದು ಅಂಚಿನಲ್ಲಿ ಬಣ್ಣದ ಗಾಢತೆ ಹಾಳೆಯ ಗಾಢತೆಗೆ ಸರಿಸಮನಾಗುತ್ತದೆ, ಅಲ್ಲಿ ಗೆರೆ ಕಳೆದುಹೋಗುತ್ತದೆ. ಹೋಗಲಿ. ನೋಡುವವರ ಕಣ್ಣು ಅದನ್ನು ತಾನಾಗಿ ಪೂರ್ತಿ ಮಾಡಿಕೊಳ್ಳುತ್ತದೆ.

ನೆರಳಿನ ಬದಿಯ ಅಂಚು ತೀರಾ ಮಂಕಾದರೆ ಒಂದು ಉಪಾಯವಿದೆ. ಸೇಬನ್ನು ಮುಟ್ಟದೆ, ಅಂಚಿನ ಹೊರಗೆ ಹಾಳೆಯ ಮೇಲೆ ಬಿಳಿಯನ್ನು ಉಸಿರು ತಾಗಿದಷ್ಟು ತೆಳ್ಳಗೆ ಸವರಿ ಹೊರಕ್ಕೆ ಕರಗಿಸಿ. ಹಿನ್ನೆಲೆ ಬೆಳಗಿದಾಗ ಅಂಚು ತಾನಾಗಿ ಮುಂದೆ ಬರುತ್ತದೆ.

ಲೋಹದ ಚಮಚ, ಗಾಜಿನ ಲೋಟ

ಸೇಬು ಮುಗಿಸಿದ ಉತ್ಸಾಹದಲ್ಲಿ ಒಂದು ಚಮಚವನ್ನು ಪ್ರಯತ್ನಿಸಿ. ಬಿಳಿ ಹಾಳೆಯಲ್ಲಿ ಲೋಹ ಎಂದರೆ ಹೆದರುವವರು ಬೂದು ಹಾಳೆಯಲ್ಲಿ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಲೋಹದ ಬೂದು ಹಾಳೆಯಲ್ಲೇ ಇದೆ. ನೀವು ಸೇರಿಸಬೇಕಾದದ್ದು ಗಾಢ ಪಟ್ಟಿಗಳನ್ನು, ಅವುಗಳಿಗೆ ತೀರಾ ಹತ್ತಿರದಲ್ಲಿ ಬಿಳಿ ಪಟ್ಟಿಗಳನ್ನು. ಮೊಟ್ಟೆಯಲ್ಲಿ ಬಿಳಿ ಮತ್ತು ಗಾಢದ ನಡುವೆ ಅಗಲವಾದ ಹಾಳೆ ಬಿಟ್ಟೆವು. ಲೋಹದಲ್ಲಿ ಆ ಅಂತರ ಕೂದಲೆಳೆಯಷ್ಟಕ್ಕೆ ಇಳಿಯುತ್ತದೆ, ಅಂಚುಗಳು ಕತ್ತರಿಸಿದಂತೆ ಚೂಪಾಗುತ್ತವೆ. ಮೆತ್ತನೆಯ ಅಂಚು ಮೊಟ್ಟೆಯನ್ನು ಮಾಡಿತು, ಚೂಪು ಅಂಚು ಲೋಹವನ್ನು ಮಾಡುತ್ತದೆ. ಗಾಜಿನ ಲೋಟದಲ್ಲಿ ಇನ್ನೂ ಕಡಿಮೆ ಕೆಲಸ: ಬಾಯಿಯ ಅಂಚು, ತಳದ ದಪ್ಪ ಗಾಜು, ಒಂದೆರಡು ಹೊಳಪು. ಲೋಟದ ಒಡಲು ಪೂರ್ತಿ ಬರಿಯ ಹಾಳೆ.

ತಪ್ಪಾದಾಗ

ಬಣ್ಣದ ಪೆನ್ಸಿಲ್ ಪೂರ್ತಿ ಅಳಿಯುವುದಿಲ್ಲ, ಆದರೆ ಎತ್ತಬಹುದು. ಗೋಡೆಗೆ ಚಿತ್ರ ಅಂಟಿಸಲು ಬಳಸುವ ಮರುಬಳಕೆಯ ಅಂಟುಮುದ್ದೆಯನ್ನು ಒತ್ತಿ ಎತ್ತಿದರೆ ಒಂದೊಂದೇ ಪದರ ಬರುತ್ತದೆ. ಉಜ್ಜಬೇಡಿ, ಒತ್ತಿ ಎತ್ತಿ. ಸುಣ್ಣದಂತಾದ ಜಾಗವನ್ನು ಹೀಗೆ ಆದಷ್ಟು ಎತ್ತಿ, ಮೇಲೆ ಆ ವಸ್ತುವಿನ ಬಣ್ಣವನ್ನು ಚೂಪು ಮೊನೆಯಿಂದ ಹಾಯಿಸಿ. ಮೇಣ ತುಂಬಿ ಹಾಳೆ ಹೊಳೆಯತೊಡಗಿದ್ದರೆ ಅಲ್ಲಿ ಮತ್ತೆ ಬಣ್ಣ ಹತ್ತುವುದಿಲ್ಲ, ಆ ಜಾಗವನ್ನು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು. ಬ್ಲೇಡಿನಿಂದ ಕೆರೆಯುವ ವಿಧಾನ ದಪ್ಪ ಹಾಳೆಗೆ ಮಾತ್ರ.

ಮುಗಿಸಿದ ಮೇಲೆ

ಮೇಣದ ಪೆನ್ಸಿಲ್ ದಟ್ಟವಾಗಿ ಹಚ್ಚಿದ ಗಾಢ ಭಾಗಗಳ ಮೇಲೆ ಕೆಲವು ದಿನಗಳಲ್ಲಿ ಮಂಜು ಕವಿದಂತಹ ತೆಳು ಬಿಳುಪು ಬರಬಹುದು. ಬಣ್ಣದಲ್ಲಿರುವ ಮೇಣ ಮೇಲಕ್ಕೆ ಬಂದಿರುವುದು ಅಷ್ಟೆ. ಮೆತ್ತನೆಯ ಹತ್ತಿಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಮತ್ತೆ ಬಾರದಿರಲು ಫಿಕ್ಸೆಟಿವ್ ಎಂಬ, ಬಣ್ಣವನ್ನು ಹಿಡಿದಿಡುವ ದ್ರವವನ್ನು ಸಿಂಪಡಿಸುವವರಿದ್ದಾರೆ. ಗಾಳಿಯಾಡುವ ಜಾಗದಲ್ಲಿ, ದೂರದಿಂದ, ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ. ಬಿಳಿ ಅದರಿಂದ ಮಂಕಾಗುವುದುಂಟು, ಆದ್ದರಿಂದ ಮೊದಲು ಪರೀಕ್ಷೆಯ ತುಂಡಿನ ಮೇಲೆ ಸಿಂಪಡಿಸಿ ನೋಡಿ. ಒಣಗಿದ ಮೇಲೆ ಹೊಳಪಿನ ಬಿಂದುವನ್ನು ಇನ್ನೊಮ್ಮೆ ಮುಟ್ಟಬೇಕಾಗಬಹುದು.

ಫೋಟೊ ತೆಗೆಯುವಾಗ ಬಣ್ಣದ ಹಾಳೆ ಕ್ಯಾಮೆರಾವನ್ನು ಗೊಂದಲಕ್ಕೆ ತಳ್ಳುತ್ತದೆ. ಕಂದು ಹಾಳೆಯನ್ನು ಕಂಡ ಮೊಬೈಲ್ ಕೋಣೆಯ ಬೆಳಕೇ ಹಳದಿ ಎಂದು ತಿಳಿದು ಚಿತ್ರವನ್ನು ನೀಲಿಯ ಕಡೆಗೆ ಎಳೆಯುತ್ತದೆ. ನೇರ ಬಿಸಿಲಿಲ್ಲದ ಹಗಲು ಬೆಳಕಿನಲ್ಲಿ, ಚಿತ್ರದ ಪಕ್ಕದಲ್ಲಿ ಒಂದು ಬಿಳಿ ಕಾಗದದ ಪಟ್ಟಿಯನ್ನೂ ಸೇರಿಸಿ ತೆಗೆಯಿರಿ. ಆಮೇಲೆ ಆ ಪಟ್ಟಿ ಬಿಳಿಯಾಗಿ ಕಾಣುವ ತನಕ ಬಣ್ಣ ಸರಿಪಡಿಸಿ, ಪಟ್ಟಿಯನ್ನು ಕತ್ತರಿಸಿ ತೆಗೆದರೆ ಹಾಳೆ ತನ್ನ ನಿಜವಾದ ಬಣ್ಣಕ್ಕೆ ಬರುತ್ತದೆ.

ಚೌಕಟ್ಟು ಹಾಕಿಸುವುದಾದರೆ ಬಿಸಿಲು ತಾಗದ ಗೋಡೆ ಆರಿಸಿ. ಪೆನ್ಸಿಲ್ ಬಣ್ಣಗಳಲ್ಲಿ ಗುಲಾಬಿ, ನೇರಳೆಗಳು ಬೇಗ ಮಾಸುವ ಜಾತಿ, ಬಣ್ಣದ ಹಾಳೆಗಳೂ ಕೆಲವು ಮಾಸುತ್ತವೆ. ಹಾಳೆ ಮಾಸಿದರೆ ಇಡೀ ಚಿತ್ರದ ನಡುಛಾಯೆಯೇ ಸರಿಯುತ್ತದೆ, ಬಿಳಿ ಹಚ್ಚಿದ ಜಾಗ ಹಿನ್ನೆಲೆಯೊಳಗೆ ಮುಳುಗುತ್ತದೆ. ಹೊಸ ಹಾಳೆಯ ಕಟ್ಟು ತಂದಾಗ ಒಂದು ಪಟ್ಟಿ ಕತ್ತರಿಸಿ, ಅದರ ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಮೂರು ತಿಂಗಳ ನಂತರ ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಗೆರೆ ಕಂಡರೆ ಆ ಕಟ್ಟನ್ನು ಅಭ್ಯಾಸದ ಮೊಟ್ಟೆಗಳಿಗೆ ಇಟ್ಟುಕೊಳ್ಳಿ.